ಒಣಗುವ ಕೆರೆಯನ್ನೇ ನಂಬಿದ ಗಿಡಗಳು

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ವರ್ಷವಿಡೀ ತುಂಬಿರುವ ಕೆರೆ ಅಪರೂಪ. ಮುಂಗಾರಿನಲ್ಲಿ ಅಷ್ಟೋ ಇಷ್ಟೋ ನೀರು ಬರುತ್ತದೆ. ಹಿಂಗಾರು ಕೈಹಿಡಿದರೆ ಕೋಡಿ ಬೀಳುತ್ತದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಕೆರೆ ಅಂಗಳದಲ್ಲಿ ದನ ಮೇಯುತ್ತಿರುತ್ತವೆ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಅದೇ ಜಿಲ್ಲೆಯ ಅರಸೀಕೆರೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದಿರುತ್ತದೆ. ಒಣಗಿದ ಕೆರೆ ಕಂಡರೆ ನಮಗೆ ಕರುಳು ಚುರುಕ್ ಅನ್ನುವುದು ಸಹಜ. ಆದರೆ ಆ ಅಂಗಳದ ಗಿಡಗಳಲ್ಲಿ ಎಷ್ಟೋ ಬದುಕಿರುವುದೇ ಕೆರೆ ಒಣಗುತ್ತದೆ ಎಂಬ ನಂಬಿಕೆಯ ಮೇಲೆ.

ಏರಿಯ ಬುಡದಿಂದ ಎದುರು ಬದಿಗೆ ನಡೆದು ನೋಡಿ. ಆಳದ ಕಡೆ ನೈದಿಲೆ. ಆಮೇಲೆ ಜೊಂಡು. ಇನ್ನೂ ಮೇಲೆ ಬಂದರೆ ಹೊನಗೊನ್ನೆ, ಮುಳ್ಳಿನ ಕೊಳವಳಿಕೆ, ಒಂದೆಲಗ. ನೆಲದ ಮಟ್ಟ ಒಂದು ಮೊಳ ಏರಿದರೆ ಸಾಕು, ಗಿಡಗಳ ಗುಂಪೇ ಬದಲು. ಮಣ್ಣೂ ಒಂದೇ, ಬಿಸಿಲೂ ಒಂದೇ. ವ್ಯತ್ಯಾಸ ಇರುವುದು ನೀರು ಎಷ್ಟು ದಿನ ನಿಲ್ಲುತ್ತದೆ ಅನ್ನುವುದರಲ್ಲಿ.

ದಿನದ ಲೆಕ್ಕ ಯಾಕೆ ಮುಖ್ಯ ಅಂದರೆ, ಬೇರಿಗೂ ಉಸಿರು ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ನೀರು ನಿಂತ ಕೆಲವೇ ದಿನಗಳಲ್ಲಿ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ರಾಗಿ ಗಿಡ ಅಲ್ಲೇ ಸೋಲುತ್ತದೆ. ಜೊಂಡು, ಭತ್ತ ಸೋಲುವುದಿಲ್ಲ. ಅವುಗಳ ಕಾಂಡದಿಂದ ಬೇರಿನ ತನಕ ಗಾಳಿ ಹೋಗುವ ಸಣ್ಣ ದಾರಿಗಳಿವೆ.

ಇದನ್ನು ಕಣ್ಣಾರೆ ನೋಡಬಹುದು. ಕೆಸರಿನಿಂದ ಜೊಂಡಿನ ಒಂದು ಬುಡ ಕಿತ್ತು, ಬೇರನ್ನು ಮೆಲ್ಲಗೆ ತೊಳೆಯಿರಿ. ಸುತ್ತಲ ಮಣ್ಣು ಬೂದು ಬಣ್ಣ, ಕೆಟ್ಟ ವಾಸನೆ. ಬೇರಿನ ಮೈಗೆ ಮಾತ್ರ ಕೆಂಪು-ಕಂದು ಲೇಪ. ಉಜ್ಜಿದರೆ ಬೆರಳಿಗೂ ಹತ್ತುತ್ತದೆ. ಅದು ತುಕ್ಕು! ಬೇರಿನಿಂದ ಸೋರಿದ ಆಮ್ಲಜನಕ ಕೆಸರಿನಲ್ಲಿ ಕರಗಿದ್ದ ಕಬ್ಬಿಣಕ್ಕೆ ತಾಗಿ ಹೀಗಾಗಿದೆ. ಗದ್ದೆಯಲ್ಲಿ ಭತ್ತದ ಬೇರು ಕಿತ್ತವರಿಗೆ ಇದು ಹೊಸತೇನಲ್ಲ.

ಇದೇ ಆಟ ನಮ್ಮಿಂದ ಸಾವಿರಾರು ಮೈಲಿ ದೂರದಲ್ಲೂ ನಡೆಯುತ್ತದೆ. ನೆದರ್ಲೆಂಡ್ಸ್ ಮತ್ತು ವೇಲ್ಸ್‌ನ ಕಡಲ ತೀರದ ಮರಳು ದಿಬ್ಬಗಳ ನಡುವೆ ತಗ್ಗುಗಳಿವೆ. ಗಾಳಿ ಮರಳನ್ನು ಕೊರೆಯುತ್ತಾ ಹೋಗಿ, ಒದ್ದೆ ಮರಳು ಸಿಕ್ಕಿದ ಕಡೆ ನಿಲ್ಲುತ್ತದೆ. ಒದ್ದೆ ಮರಳು ಹಾರುವುದಿಲ್ಲ ಅಲ್ವಾ? ಹಾಗಾಗಿ ತಗ್ಗಿನ ತಳ ಅಂತರ್ಜಲದ ಮಟ್ಟಕ್ಕೆ ಹತ್ತಿರವೇ ಇರುತ್ತದೆ. ಚಳಿಗಾಲದಲ್ಲಿ ನೀರು ಕೆಳಗಿನಿಂದ ಉಕ್ಕಿ ಹೊಂಡವಾಗುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ನಮ್ಮ ಕೆರೆಗೆ ನೀರು ಬರುವುದು ಮೇಲಿನಿಂದ, ಹಳ್ಳ ಹರಿದು. ಗಿಡಕ್ಕೆ ಅದೆಲ್ಲ ಬೇಕಿಲ್ಲ, ಅದು ಎಣಿಸುವುದು ನೀರು ನಿಂತ ದಿನ ಮಾತ್ರ. ಅಲ್ಲಿನ ಲಿಟೊರೆಲ್ಲ ಅನ್ನುವ ಗಿಡ್ಡ ಗಿಡ ನೀರಿನಡಿ ಎಷ್ಟು ಕಾಲ ಇದ್ದರೂ ಹೂ ಬಿಡುವುದಿಲ್ಲ. ನೀರು ಇಳಿದ ಮೇಲೆಯೇ ಹೂವು. ಅದರ ಬೇರು ಎಷ್ಟು ಆಮ್ಲಜನಕ ಸೋರಿಸುತ್ತದೆ ಎಂದರೆ, ಮಣ್ಣಿನ ರಸಾಯನವೇ ಬದಲಾಗಿ ಪೋಷಕಾಂಶ ಕಮ್ಮಿಯಾಗುತ್ತದೆ. ದೊಡ್ಡ ಗಿಡಗಳು ಅಲ್ಲಿ ಬೇಗ ತಳವೂರುವುದಿಲ್ಲ. ಬಡ ನೆಲವನ್ನು ಬಡವಾಗಿಯೇ ಇಟ್ಟುಕೊಂಡು ಬದುಕುವ ಈ ಉಪಾಯ ನನಗಂತೂ ಭಾರಿ ಇಷ್ಟ.

ನಮ್ಮ ಕೆರೆ ಅಂಗಳದಲ್ಲಿ ಇದಕ್ಕೆ ಸರಿಸಾಟಿ ಅಂದರೆ ಮಾರ್ಸಿಲಿಯ. ನಾಲ್ಕು ದಳದ ಎಲೆಯ ಈ ಪುಟ್ಟ ಗಿಡ ಜರಿಗಿಡಗಳ ಜಾತಿಗೆ ಸೇರಿದ್ದು, ಹೂವಿಲ್ಲ, ಬೀಜವಿಲ್ಲ. ನೀರಿದ್ದಾಗ ಎಲೆ ತೇಲುತ್ತದೆ, ಇಳಿದಾಗ ನೆಟ್ಟಗೆ ನಿಲ್ಲುತ್ತದೆ. ಒಣಗುವ ಮುನ್ನ ಬುಡದಲ್ಲಿ ಹುರುಳಿಕಾಳಿನಷ್ಟು ಚಿಕ್ಕ, ಕಲ್ಲಿನಂಥ ಕಾಯಿಗಳನ್ನು ಬಿಡುತ್ತದೆ. ಒಣ ಮಾದರಿಗಳಾಗಿ ದಶಕಗಟ್ಟಲೆ ಕಪಾಟಿನಲ್ಲಿದ್ದ ಇಂಥ ಕಾಯಿಗಳೂ ಮತ್ತೆ ಜೀವ ತಳೆದದ್ದಿದೆ. ಬಲಿತ ಕಾಯಿಯ ಸಿಪ್ಪೆಯನ್ನು ಬ್ಲೇಡಿನಿಂದ ಚೂರು ಕೆತ್ತಿ ಲೋಟದ ನೀರಿಗೆ ಹಾಕಿ. ನೀರು ಒಳಗೆ ಇಳಿದಂತೆ ಕಾಯಿ ಬಿರಿದು, ಲೋಳೆಯಂಥ ಪಾರದರ್ಶಕ ಎಳೆಯೊಂದು ಹುಳುವಿನ ಹಾಗೆ ಈಚೆ ಬರುತ್ತದೆ. ಅದರ ಮೈತುಂಬ ಬೀಜಾಣುಗಳ ಚೀಲಗಳು. ಒಂದೆರಡು ದಿನದೊಳಗೆ ಗಂಡು ಕಣ, ಹೆಣ್ಣು ಕಣ ಕೂಡಿ ಆಗಿರುತ್ತದೆ. ನೀರು ಎಷ್ಟು ದಿನ ಇರುತ್ತದೋ ಗೊತ್ತಿಲ್ಲದವರ ಅವಸರ ಅದು.

ಉಳಿದವು ಬೀಜವಾಗಿ ಕೆಸರಿನಲ್ಲಿ ಕಾಯುತ್ತವೆ. ಡಾರ್ವಿನ್ ಒಮ್ಮೆ ಸಣ್ಣ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು, ಬಟ್ಟಲಲ್ಲಿ ಮುಚ್ಚಿಟ್ಟು, ಆರು ತಿಂಗಳು ಹುಟ್ಟಿದ ಸಸಿಗಳನ್ನೆಲ್ಲ ಕಿತ್ತು ಎಣಿಸಿದ. ಒಟ್ಟು 537! ತೆಂಗಿನ ತೋಟಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸಿದ ವರ್ಷ ಕಳೆ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ಲ. ಇಂಥ ಎಷ್ಟೋ ಬೀಜಗಳು ಹಗಲು-ರಾತ್ರಿಯ ಬಿಸಿ ತಂಪಿನ ಅಂತರವನ್ನು ಗಮನಿಸುತ್ತವೆ. ನೀರಿನಡಿ ಆ ಅಂತರ ಕಮ್ಮಿ. ಕೆಸರು ಬಯಲಾದಾಗ ಅಂತರ ಹೆಚ್ಚುತ್ತದೆ, ಮೊಳೆಯಲು ಅದೇ ಸೂಚನೆ.

ಈ ಲೆಕ್ಕ ಎರಡು ರೀತಿಯಲ್ಲಿ ತಪ್ಪುತ್ತದೆ, ಎರಡನ್ನೂ ಡಚ್ಚರು ಆಗಲೇ ಕಂಡಿದ್ದಾರೆ. 1853ರಿಂದ ಆಮ್‌ಸ್ಟರ್‌ಡ್ಯಾಮ್ ನಗರ ಕುಡಿಯುವ ನೀರನ್ನು ಮರಳು ದಿಬ್ಬಗಳಿಂದ ಎತ್ತತೊಡಗಿತು. ಅಂತರ್ಜಲ ಕುಸಿದು ತಗ್ಗುಗಳು ಬತ್ತಿದವು. 1957ರಿಂದ ರೈನ್ ನದಿಯ ನೀರನ್ನು ತಂದು ದಿಬ್ಬಗಳಲ್ಲಿ ಇಂಗಿಸಿದರು. ನೀರೇನೋ ಬಂತು, ಜೊತೆಗೆ ನದಿಯ ಪೋಷಕಾಂಶಗಳೂ ಬಂದವು. ಬಡ ನೆಲದ ಸಣ್ಣ ಗಿಡಗಳಿದ್ದ ಕಡೆ ಒರಟು ಕಳೆ ಎದ್ದು ನಿಂತಿತು.

ನಮ್ಮಲ್ಲೂ ಈಗ ನದಿ ನೀರಿನಿಂದ ಕೆರೆ ತುಂಬಿಸುತ್ತಾರೆ. ಬೋರ್‌ವೆಲ್ ಬತ್ತಿದ ಊರಿನವರಿಗೆ ಅದು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಹೂಳೆತ್ತುವ ರೀತಿಯ ಬಗ್ಗೆ. ಕೆರೆಯನ್ನು ಸುತ್ತಲೂ ಗೋಡೆಯಂತೆ ನೆಟ್ಟಗೆ ಕಡಿದರೆ ಮೊಳ ಮೊಳಕ್ಕೆ ಬದಲಾಗುತ್ತಿದ್ದ ಆ ಇಳಿಜಾರೇ ಹೋಯಿತು. ಜೊಂಡಿಗೂ ಒಂದೆಲಗಕ್ಕೂ ನಡುವಿನ ಜಾಗವೇ ಇಲ್ಲ. ಏರಿಯ ಕಡೆ ಬೇಕಾದಷ್ಟು ಆಳ ಮಾಡಲಿ, ನೀರು ನಿಲ್ಲುವುದೂ ಅಲ್ಲೇ. ಎದುರು ಬದಿಯ ಇಳಿಜಾರನ್ನು, ಅದರ ಮೇಲಿನ ಗೇಣುದ್ದ ಗೋಡನ್ನು ಮುಟ್ಟದೆ ಬಿಡಬೇಕು. ಗುತ್ತಿಗೆದಾರರು ಇದಕ್ಕೆ ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಮೊದಲು ಒಣಗುವುದು ಆ ಅಂಚೇ, ಜೆಸಿಬಿ ಇಳಿಯುವುದೂ ಅಲ್ಲಿಂದಲೇ.