'ಇದು ನಿಜವಾದ ಕಂಟ್ರಿ ಅಲ್ಲ' ಅನ್ನೋ ಜಗಳಕ್ಕೆ ಎಷ್ಟು ವಯಸ್ಸು?

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ಅಂತ ಒಂದು ಲೈವ್ ಶೋ ನಡೆಯುತ್ತೆ. ಕಂಟ್ರಿ (ಅಮೆರಿಕದ ಹಳ್ಳಿ ಕಡೆಯ ಸಂಗೀತ) ಹಾಡುಗಾರರು ಒಬ್ಬೊಬ್ರೇ ಬಂದು ಎರಡೋ ಮೂರೋ ಹಾಡು ಹೇಳಿ ಇಳಿದು ಹೋಗ್ತಾರೆ, ಬೆನ್ನಿಗೇ ಇನ್ನೊಬ್ರು ಬರ್ತಾರೆ, ನಡುವೆ ಅನೌನ್ಸರ್ ಸ್ಟೇಜ್ ಮೇಲೇ ನಿಂತು ಜಾಹೀರಾತು ಓದ್ತಾನೆ, ಯಾಕಂದ್ರೆ ಇದು ಹುಟ್ಟಿದ್ದೇ ರೇಡಿಯೋ ಪ್ರೋಗ್ರಾಂ ಆಗಿ. 1925ರಿಂದ ನಡ್ಕೊಂಡು ಬಂದಿದೆ. ಇಲ್ಲಿ ಹಾಡೋದು ಕಂಟ್ರಿ ಗಾಯಕರಿಗೆ ದೊಡ್ಡ ಮರ್ಯಾದೆ, ಅದಕ್ಕೇ 'ಇವ್ರು ಹಾಡೋದು ಕಂಟ್ರಿನೇ ಅಲ್ಲ, ಪಾಪ್' ಅನ್ನೋ ತಕರಾರೂ ಇಲ್ಲಿ ಜೋರು. ಈ ತಕರಾರಿನ ಜಾಡು ಹಿಡಿದು ಹೋದ್ರೆ ನಂಗನ್ನಿಸೋದು ಇಷ್ಟು, ಸಂಪ್ರದಾಯ ಅಂತ ಯಾವ್ದನ್ನ ಕಾಪಾಡ್ತಿದ್ದಾರೋ ಅದ್ರಲ್ಲಿ ಅರ್ಧ ರೇಡಿಯೋದವರೇ ಕೂತು ಕಟ್ಟಿದ್ದು.

ಶುರು ಮಾಡಿದ್ದು ಒಂದು ಇನ್ಶೂರೆನ್ಸ್ ಕಂಪನಿ ಕಣ್ರೀ. ನ್ಯಾಷನಲ್ ಲೈಫ್ ಅಂತ ಕಂಪನಿ, ಪಾಲಿಸಿ ಮಾರೋಕೆ ಹೆಸರು ಬೇಕಿತ್ತು, 1925ರ ಅಕ್ಟೋಬರ್‌ನಲ್ಲಿ ಡಬ್ಲ್ಯುಎಸ್‌ಎಂ ಅನ್ನೋ ಸ್ಟೇಷನ್ ತೆಗೆದ್ರು. ಚಿಕಾಗೋದಲ್ಲಿ ಇಂಥದ್ದೇ ಶೋ ನಡೆಸಿ ಹೆಸರು ಮಾಡಿದ್ದ ಜಾರ್ಜ್ ಹೇ ಅನ್ನೋರನ್ನ ಕರೆಸ್ಕೊಂಡ್ರು. ಆತ ನವೆಂಬರ್ 28ರ ರಾತ್ರಿ 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಅನ್ನೋ ಅಜ್ಜನ್ನ ಮೈಕ್ ಮುಂದೆ ಕೂರಿಸಿ ಫಿಡಲ್, ಅಂದ್ರೆ ಹಳ್ಳಿ ಶೈಲಿಯ ವಯಲಿನ್, ನುಡಿಸೋಕೆ ಹೇಳಿದ್ರು, ಜನ ಹುಚ್ಚೆದ್ದು ಹೋದ್ರು.

ಜಾರ್ಜ್ ಹೇ ಅವರಿಗೆ ಚೆನ್ನಾಗಿ ಗೊತ್ತಿತ್ತು, ಕೇಳೋರಿಗೆ ಬೇಕಾಗಿರೋದು ಬರೀ ಹಾಡಲ್ಲ, ಹಳ್ಳಿ ಅಂತ. ಹಂಫ್ರಿ ಬೇಟ್ ಅಂತ ಒಬ್ರು ಡಾಕ್ಟ್ರು ತಮ್ಮ ಬ್ಯಾಂಡ್ ಕರ್ಕೊಂಡು ಬರ್ತಿದ್ರು, ಮೆಡಿಕಲ್ ಓದಿ ಪ್ರಾಕ್ಟೀಸ್ ಮಾಡ್ತಿದ್ದ ಮನುಷ್ಯ, ಬ್ಯಾಂಡ್‌ನೋರೆಲ್ಲಾ ಸೂಟು ಟೈನಲ್ಲಿ ಟಾಕುಟೀಕಾಗಿ ಬರೋರು. ಈ ಬ್ಯಾಂಡ್‌ಗೆ ಹೇ 'ಪಾಸಮ್ ಹಂಟರ್ಸ್' ಅಂತ ಕಾಡುಪ್ರಾಣಿ ಬೇಟೆಗಾರರ ಹೆಸರು ಕೊಟ್ರು, ರೈತರು ಹಾಕೋ ಓವರಾಲ್ ತೊಡಿಸಿ ಫೋಟೋ ತೆಗೆಸಿದ್ರು. ಇವತ್ತು ಹಳೇ ಕಾಲದ ಕಂಟ್ರಿ ಅಂದ್ರೆ ಕಣ್ಣ ಮುಂದೆ ಬರೋ ಚಿತ್ರ ಬಹುಪಾಲು ಇಂಥ ಫೋಟೋಗಳದ್ದೇ.

ಯಾರನ್ನ ಒಳಗಿಟ್ರು ಯಾರನ್ನ ಹೊರಗಿಟ್ರು ಅನ್ನೋದು ಇನ್ನೊಂದು ಕಥೆ. ಡಿಫೋರ್ಡ್ ಬೇಲಿ ಅನ್ನೋ ಕಪ್ಪು ಕಲಾವಿದ, ಮೌತ್ ಆರ್ಗನ್‌ನಲ್ಲಿ ರೈಲು ಓಡೋ ಸದ್ದು ಬರಿಸೋನು. 1927ರಲ್ಲಿ ನೆಟ್‌ವರ್ಕ್‌ನ ಕ್ಲಾಸಿಕಲ್ ಸಂಗೀತದ ಪ್ರೋಗ್ರಾಂ ಮುಗೀತಿದ್ದ ಹಾಗೇ ಈತ ರೈಲು ನುಡಿಸಿದ, ಆಗ ಹೇ 'ಇಷ್ಟೊತ್ತು ಗ್ರ್ಯಾಂಡ್ ಓಪೆರಾ ಕೇಳಿದ್ರಿ, ಇನ್ಮೇಲೆ ಗ್ರ್ಯಾಂಡ್ ಓಲ್ ಓಪ್ರಿ' ಅಂತ ತಮಾಷೆ ಮಾಡಿದ್ರು (ಓಪ್ರಿ ಅಂದ್ರೆ ಓಪೆರಾ ಅನ್ನೋದರ ಹಳ್ಳಿ ಉಚ್ಚಾರಣೆ), ಶೋಗೆ ಅದೇ ಹೆಸರು ಅಂಟ್ಕೊಂತು. ಆದ್ರೆ 1941ರಲ್ಲಿ ಬೇಲಿನ ಕೆಲಸದಿಂದ ತೆಗೆದ್ರು, ಆಮೇಲೆ ಆತ ಶೂ ಪಾಲಿಶ್ ಅಂಗಡಿ ನಡೆಸ್ಕೊಂಡು ಜೀವನ ಮಾಡ್ದ. 1982ರಲ್ಲಿ ತೀರ್ಕೊಂಡ, ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ! ಕಂಟ್ರಿಯಲ್ಲಿ ನುಡಿಸೋ ಬ್ಯಾಂಜೋ ವಾದ್ಯವೇ ಆಫ್ರಿಕಾದಿಂದ ಬಂದ ಗುಲಾಮರ ಜೊತೆ ಬಂದಿದ್ದು ಅನ್ನೋದನ್ನೂ ಇಲ್ಲೇ ನೆನಪಿಸ್ಕೋಬಹುದು, ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸೋ ಸ್ಟೀಲ್ ಗಿಟಾರ್ ಹವಾಯಿಯದ್ದು.

ಇಷ್ಟೆಲ್ಲಾ ಹೊರಗಿಂದ ಬಂದಿದ್ರೂ ಡ್ರಮ್ಸ್ ಮಾತ್ರ ಆಗಲ್ಲ ಅಂದ್ರು. 1944ರಲ್ಲಿ ಟೆಕ್ಸಾಸ್ ಕಡೆಯ ಬಾಬ್ ವಿಲ್ಸ್ ಬ್ಯಾಂಡ್ ಡ್ರಮ್ಸ್ ಹೊತ್ಕೊಂಡು ಬಂದಾಗ ರಂಪ ಆಯ್ತು, ಅದಾದ ಮೇಲೂ ಪೂರ್ತಿ ಡ್ರಮ್ ಸೆಟ್‌ಗೆ ಜಾಗ ಸಿಗೋಕೆ ವರ್ಷಗಟ್ಟಲೆ ಹಿಡೀತು. ನಮ್ಮ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿ 1971ರ ತನಕ ತೆಗೀಲಿಲ್ವಲ್ಲ, ಹಾಗೇ ಇದೂ.

1943ರಿಂದ 1974ರ ತನಕ ಶೋ ನಡೆದಿದ್ದು ರೈಮನ್ ಆಡಿಟೋರಿಯಂನಲ್ಲಿ, 1892ರಲ್ಲಿ ಧಾರ್ಮಿಕ ಸಭೆಗಳಿಗೆ ಅಂತ ಕಟ್ಟಿದ ಕಟ್ಟಡ. ಚರ್ಚಿನ ಮರದ ಬೆಂಚು, ಎಸಿ ಇಲ್ಲ, ಬೇಸಿಗೆಯಲ್ಲಿ ಜನ ಬೀಸಣಿಗೆ ಬೀಸ್ಕೊಂಡು ಬೆವರು ಒರೆಸ್ಕೊಂಡು ಕೇಳೋರು. ಹೊಸ ಕಟ್ಟಡಕ್ಕೆ ಹೋಗುವಾಗ ಹಳೇ ಸ್ಟೇಜಿಂದ ಆರಡಿ ಅಗಲದ ಒಂದು ಓಕ್ ಮರದ ವೃತ್ತ ಕತ್ತರಿಸಿ ತಗೊಂಡು ಹೋಗಿ ಅಲ್ಲಿನ ಸ್ಟೇಜ್ ನಡುವೆ ಕೂರಿಸಿದ್ರು, ಹಾಡೋರು ಇವತ್ತಿಗೂ ಅದ್ರ ಮೇಲೇ ನಿಲ್ಲೋದು. 2010ರ ಪ್ರವಾಹದಲ್ಲಿ ಅದೂ ಮುಳುಗಿತ್ತು, ಒಣಗಿಸಿ ರಿಪೇರಿ ಮಾಡಿ ಮತ್ತೆ ಅಲ್ಲೇ ಇಟ್ರು.

ಈಗ ಪಾಪ್ ಜಗಳಕ್ಕೆ ಬರೋಣ. 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಬಂದು ಕಂಟ್ರಿ ರೆಕಾರ್ಡ್‌ಗಳ ವ್ಯಾಪಾರ ಬಿತ್ತು. ಆಗ ಚೆಟ್ ಅಟ್ಕಿನ್ಸ್, ಓವೆನ್ ಬ್ರಾಡ್ಲಿ ಥರದ ಪ್ರೊಡ್ಯೂಸರ್‌ಗಳು ಫಿಡಲ್, ಸ್ಟೀಲ್ ಗಿಟಾರ್ ಕಮ್ಮಿ ಮಾಡಿ ಹಿಂದೆ ಆರ್ಕೆಸ್ಟ್ರಾ ಥರದ ವಯಲಿನ್ ಗುಂಪು, ಕೋರಸ್ ಹಾಕಿದ್ರು, ಪೇಟೆ ಜನಾನೂ ಕೊಂಡ್ಕೊಳ್ಳೋಕೆ ಶುರು ಮಾಡಿದ್ರು. ಇದಕ್ಕೆ ನ್ಯಾಶ್‌ವಿಲ್ ಸೌಂಡ್ ಅಂತ ಹೆಸರು. ಹೊಟ್ಟೆಪಾಡಿಗೆ ಮಾಡಿದ್ದು, ತಪ್ಪು ಅಂತ ನಂಗೇನೂ ಅನ್ಸಲ್ಲ, ಆದ್ರೆ ಹಳಬರಿಗೆ ಇದು ಒಳಗೊಳಗೇ ಕುದೀತಾ ಇತ್ತು.

ಕುದ್ದಿದ್ದು ಉಕ್ಕಿದ್ದು 1974ರಲ್ಲಿ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅತ್ಯುತ್ತಮ ಗಾಯಕಿ ಪ್ರಶಸ್ತಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಹಾಡುಗಾರ್ತಿ ಒಲಿವಿಯಾ ನ್ಯೂಟನ್ ಜಾನ್‌ಗೆ ಹೋಯ್ತು. ಸಿಟ್ಟಾದ ಕಲಾವಿದರೆಲ್ಲಾ ಜಾರ್ಜ್ ಜೋನ್ಸ್, ಟ್ಯಾಮಿ ವಿನೆಟ್ ಅನ್ನೋ ಕಂಟ್ರಿ ಗಾಯಕ ದಂಪತಿ ಮನೆಯಲ್ಲಿ ಸೇರಿ ಬೇರೆ ಸಂಘಾನೇ ಕಟ್ಟಿದ್ರು. ಮರುವರ್ಷ ಇನ್ನೂ ಮಜಾ. ವರ್ಷದ ಕಲಾವಿದ ಪ್ರಶಸ್ತಿ ಘೋಷಿಸೋಕೆ ಬಂದ ಗಾಯಕ ಚಾರ್ಲಿ ರಿಚ್ ಲಕೋಟೆ ಬಿಚ್ಚಿ, ಪಾಪ್ ಕಡೆಯವ ಅನ್ನಿಸ್ಕೊಂಡಿದ್ದ ಜಾನ್ ಡೆನ್ವರ್ ಹೆಸರಿದ್ದ ಚೀಟಿಗೆ ಟಿವಿ ಲೈವ್‌ನಲ್ಲೇ ಲೈಟರ್ ಹಚ್ಚಿಬಿಟ್ಟ! ಪ್ರತಿಭಟನೆ ಅಂತ ಕೆಲವ್ರು, ಕುಡಿದಿದ್ದ ಅಂತ ಕೆಲವ್ರು. ತಮಾಷೆ ಅಂದ್ರೆ ರಿಚ್ ಹಿಟ್ ಆಗಿದ್ದೂ ಅದೇ ನಯವಾದ ಪಾಪ್ ಥರದ ಹಾಡುಗಳಿಂದ.

80ರ ದಶಕದಲ್ಲಿ ರಿಕಿ ಸ್ಕ್ಯಾಗ್ಸ್, ಜಾರ್ಜ್ ಸ್ಟ್ರೇಟ್, ರ್‍ಯಾಂಡಿ ಟ್ರಾವಿಸ್ ಬಂದು ಫಿಡಲ್, ಸ್ಟೀಲ್ ಗಿಟಾರನ್ನ ಮುಂದಕ್ಕೆ ತಂದ್ರು, ಚೆನ್ನಾಗೇ ಮಾರಾಟ ಆಯ್ತು, ಸ್ವಲ್ಪ ದಿನ ಗಲಾಟೆ ತಣ್ಣಗಾಯ್ತು. 1999ರಲ್ಲಿ ಮತ್ತೆ ಶುರು. ಅದೇ ಅಸೋಸಿಯೇಷನ್ನಿನ ಪ್ರಶಸ್ತಿ ಸಮಾರಂಭದಲ್ಲಿ ಹಿರಿಯ ಜಾರ್ಜ್ ಜೋನ್ಸ್‌ಗೆ ಪೂರ್ತಿ ಹಾಡೋಕೆ ಟೈಮ್ ಇಲ್ಲ, ಕಟ್ ಮಾಡಿ ಹಾಡಿ ಅಂದ್ರು, ಅವರು ಬರೋದೇ ಇಲ್ಲ ಅಂದ್ರು. ಅವತ್ತು ಸ್ಟೇಜ್ ಮೇಲೆ ತನ್ನ ಹಾಡು ಹೇಳ್ತಿದ್ದ ಅಲನ್ ಜಾಕ್ಸನ್ ಅರ್ಧಕ್ಕೇ ನಿಲ್ಸಿ, ಜೋನ್ಸ್ ಹಾಡು ಎತ್ಕೊಂಡು ಹಾಡಿ, ಸೀದಾ ನಡೆದು ಹೋದ.

ಅಸಲಿ ಕಂಟ್ರಿ ಅಂದ್ರೆ ಜೋನ್ಸ್ ಅಂತ ಇವತ್ತಿಗೂ ಆಣೆ ಮಾಡೋರಿದ್ದಾರೆ. ಅವರ ಹಾಡುಗಳಲ್ಲೆಲ್ಲಾ ಶ್ರೇಷ್ಠ ಅಂತ ಜನ ಹೇಳೋದು 1980ರಲ್ಲಿ ಬಂದ ಒಂದು ಹಾಡನ್ನ. ಅದನ್ನ ಪ್ರೊಡ್ಯೂಸ್ ಮಾಡಿದ್ದು ಚಾರ್ಲಿ ರಿಚ್ ಹಾಡುಗಳನ್ನ ನಯ ಮಾಡಿದ್ದ ಅದೇ ಬಿಲಿ ಶೆರಿಲ್, ಹಾಡಿನುದ್ದಕ್ಕೂ ಹಿಂದೆ ವಯಲಿನ್ ಗುಂಪು ಏರ್ತಾ ಹೋಗುತ್ತೆ, ಅದನ್ನ ಮಾತ್ರ ಪಾಪ್ ಅಂತ ಯಾರೂ ಬೈಯಲ್ಲ.