68ರ ಪಟ್ಟಿ, 69ನೆಯವರ ತಕರಾರು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಪುರುಷರ ಪಂದ್ಯಾವಳಿಯ 68 ತಂಡಗಳ ಪಟ್ಟಿ ಹೊರಬೀಳುತ್ತದೆ. ಜಗಳವೂ ಆಗಲೇ ಶುರು. ಮೇಲ್ನೋಟಕ್ಕೆ ಒಂದೇ ಜಗಳ, ಒಳಗೆ ಎರಡಿವೆ. ಇವತ್ತು ಆಡಿಸಿದರೆ ಯಾರು ಗೆಲ್ಲುತ್ತಾರೆ ಎಂಬುದು ಒಂದು, ನವೆಂಬರಿನಿಂದ ಇಲ್ಲಿಯವರೆಗೆ ಯಾರು ಏನು ಗೆದ್ದಿದ್ದಾರೆ ಎಂಬುದು ಇನ್ನೊಂದು. ನಿಯಮ ಆಯ್ಕೆ ಸಮಿತಿಗೆ ‘ಅತ್ಯುತ್ತಮ’ ತಂಡಗಳನ್ನು ಆರಿಸಿ ಎನ್ನುತ್ತದೆ, ಅತ್ಯುತ್ತಮ ಎಂದರೆ ಈ ಎರಡರಲ್ಲಿ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ.

1939ರಲ್ಲಿ 8 ತಂಡಗಳಿಂದ ಶುರುವಾದ ಪಂದ್ಯಾವಳಿಯಲ್ಲಿ ದಶಕಗಳ ಕಾಲ ಒಂದು ಕಾನ್ಫರೆನ್ಸಿಗೆ, ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಗುಂಪಿಗೆ, ಒಂದೇ ತಂಡ. 1971ರಲ್ಲಿ ಯುಎಸ್‌ಸಿ 24 ಗೆದ್ದು 2 ಸೋತಿತ್ತು. ಆ ಎರಡೂ ಸೋಲು ಅದೇ ಕಾನ್ಫರೆನ್ಸಿನ ಯುಸಿಎಲ್‌ಎ ಎದುರು, ಹಾಗಾಗಿ ಹೊರಗೇ ಉಳಿಯಿತು. 1974ರಲ್ಲಿ ಮೇರಿಲ್ಯಾಂಡ್ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್‌ಗೆ ಹೆಚ್ಚುವರಿ ಸಮಯದಲ್ಲಿ 100–103ರಿಂದ ಸೋತು ಮನೆಗೆ ಹೋಯಿತು. ಗೆದ್ದವರು ಆ ವರ್ಷದ ಚಾಂಪಿಯನ್ ಆದರು. ಮರುವರ್ಷ ಪಂದ್ಯಾವಳಿ 32 ತಂಡಗಳಿಗೆ ಬೆಳೆದು, ಕಾನ್ಫರೆನ್ಸಿನ ಎರಡನೆಯ ತಂಡಕ್ಕೂ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಯಾರನ್ನು ಒಳಬಿಡಬೇಕೆಂದು ತೀರ್ಮಾನಿಸುವವರೂ ಬೇಕಲ್ಲ! ಮುಂದೆ 1985ರಲ್ಲಿ 64, 2001ರಲ್ಲಿ 65, 2011ರಲ್ಲಿ 68.

ಸಮಿತಿಯ ಕೈಗೆ 1981ರಲ್ಲಿ ಆರ್‌ಪಿಐ ಎಂಬ ಅಳತೆಗೋಲು ಬಂತು. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಅದರಲ್ಲಿ 25 ಪಾಲು, ಎದುರಾಳಿಗಳ ಗೆಲುವಿಗೆ 50, ಎದುರಾಳಿಗಳ ಎದುರಾಳಿಗಳ ಗೆಲುವಿಗೆ 25. ಅಂದರೆ ಮುಕ್ಕಾಲು ಪಾಲು ಬೇರೆಯವರ ಆಟ! ದುರ್ಬಲ ತಂಡವನ್ನು 40 ಅಂಕಗಳಿಂದ ಸೋಲಿಸಿದರೂ ಶ್ರೇಯಾಂಕ ಕುಸಿಯುವುದಿತ್ತು. ಜಾಣ ಕೋಚ್‌ಗಳು 300ನೆಯ ಸ್ಥಾನದ ತಂಡವನ್ನು ಬಿಟ್ಟು 150ನೆಯದನ್ನು ತವರಿಗೆ ಕರೆಸಿಕೊಳ್ಳುತ್ತಿದ್ದರು. ಗೆಲುವು ಹೆಚ್ಚುಕಡಿಮೆ ಅಷ್ಟೇ ಸುಲಭ, ಲೆಕ್ಕದಲ್ಲಿ ಮಾತ್ರ ಲಾಭ.

2018ರಲ್ಲಿ ಆರ್‌ಪಿಐ ಹೋಗಿ ನೆಟ್ ಎಂಬ ಹೊಸ ಶ್ರೇಯಾಂಕ ಬಂತು. ಕ್ರಿಕೆಟ್ ನೋಡುವವರಿಗೆ ನೆಟ್ ರನ್ ರೇಟ್ ನೆನಪಾದರೆ ತೀರಾ ತಪ್ಪಿಲ್ಲ. ಪ್ರತಿ ಬಾರಿ ಚೆಂಡು ಕೈಗೆ ಸಿಕ್ಕಾಗ ಎಷ್ಟು ಅಂಕ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಎಂಬ ವ್ಯತ್ಯಾಸವೇ ಇದರ ಬೆನ್ನೆಲುಬು. ಎದುರಾಳಿಯ ಬಲ, ಆಡಿದ ಜಾಗ ಎರಡನ್ನೂ ನೋಡಿ ಅದನ್ನು ಸರಿಹೊಂದಿಸುತ್ತಾರೆ. ಮೊದಲು ಗೆಲುವಿನ ಅಂತರಕ್ಕೆ 10 ಅಂಕದ ಮಿತಿ ಹಾಕಿದ ಒಂದು ಅಂಶವೂ ಇತ್ತು, 2020ರಲ್ಲಿ ಅದನ್ನು ಕೈಬಿಟ್ಟರು. ಚೆಂಡಿನ ಸರದಿಯ ಲೆಕ್ಕಕ್ಕೆ ಅಂಥ ಮಿತಿಯಿಲ್ಲ. ಹಾಗಾಗಿ ನವೆಂಬರಿನಲ್ಲಿ ಬಡಪಾಯಿ ತಂಡವನ್ನು ಕರೆಸಿ, 25 ಅಂಕ ಮುಂದಿದ್ದರೂ ಪ್ರಮುಖ ಆಟಗಾರರನ್ನು ಬೆಂಚಿಗೆ ಕಳಿಸದೆ ಆಡಿಸುವುದರಲ್ಲಿ ಈಗಲೂ ಅರ್ಥವಿದೆ.

ನಿಜವಾದ ಸಿಕ್ಕು ನೆಟ್‌ನಲ್ಲಿಲ್ಲ, ಅದರ ಮೇಲೆ ಕಟ್ಟಿದ ನಾಲ್ಕು ಕ್ವಾಡ್‌ಗಳಲ್ಲಿ, ಅಂದರೆ ಪಂದ್ಯಗಳನ್ನು ಕಷ್ಟದ ಮೇಲೆ ವಿಂಗಡಿಸುವ ನಾಲ್ಕು ವರ್ಗಗಳಲ್ಲಿದೆ. ತವರಿನಲ್ಲಿ ನೆಟ್ ಪಟ್ಟಿಯ ಮೊದಲ 30ರೊಳಗಿನವರ ಜೊತೆ, ತಟಸ್ಥ ಅಂಗಣದಲ್ಲಿ 50ರೊಳಗಿನವರ ಜೊತೆ, ಎದುರಾಳಿಯ ಊರಲ್ಲಿ 75ರೊಳಗಿನವರ ಜೊತೆ ಆಡಿದ್ದು ಕ್ವಾಡ್ 1. ತವರಿನಲ್ಲಿ 161ರಿಂದ ಕೆಳಗಿನವರ ಜೊತೆ ಆಡಿದ್ದು ಕ್ವಾಡ್ 4, ಗೆದ್ದರೆ ಹೊಗಳುವವರಿಲ್ಲ, ಸೋತರೆ ಮಾರ್ಚ್‌ವರೆಗೂ ಬೆನ್ನು ಬಿಡದು. ದೊಡ್ಡ ಕಾನ್ಫರೆನ್ಸಿನ ತಂಡಕ್ಕೆ ಲೀಗ್‌ನ ಹೊರ ಊರಿನ ಪಂದ್ಯಗಳಲ್ಲಿ ಹೆಚ್ಚಿನವು ತಾವಾಗಿಯೇ ಕ್ವಾಡ್ 1 ಆಗುತ್ತವೆ. ಸಣ್ಣ ಕಾನ್ಫರೆನ್ಸಿನ ತಂಡ ಜನವರಿಯ ನಂತರ ಕ್ವಾಡ್ 3, 4ರಲ್ಲೇ ತಿರುಗುತ್ತಿರುತ್ತದೆ. ಅದಕ್ಕೆ ಅವಕಾಶ ಇರುವುದು ನವೆಂಬರ್, ಡಿಸೆಂಬರಿನ ಹತ್ತು ಹನ್ನೆರಡು ಪಂದ್ಯಗಳಲ್ಲಿ. ಆಗಲೂ ದೊಡ್ಡವರು ಇವರ ಊರಿಗೆ ಬರಲೊಲ್ಲರು, ದುಡ್ಡು ಕೊಟ್ಟು ತಮ್ಮೂರಿಗೇ ಕರೆಸಿಕೊಳ್ಳುತ್ತಾರೆ. ಒಳ್ಳೆಯ ಸಣ್ಣ ತಂಡವಾದರೆ ಅದೂ ಇಲ್ಲ, ಸೋತರೆ ಯಾರಿಗೆ ಬೇಕು?

2024ರಲ್ಲಿ ಇಂಡಿಯಾನಾ ಸ್ಟೇಟ್ 28 ಗೆಲುವು, ನೆಟ್‌ನಲ್ಲಿ ಮೊದಲ 30ರೊಳಗಿನ ಸ್ಥಾನ ಎರಡನ್ನೂ ಇಟ್ಟುಕೊಂಡು ಹೊರಗುಳಿಯಿತು. 2025ರಲ್ಲಿ ಕ್ವಾಡ್ 1ರಲ್ಲಿ 1 ಗೆದ್ದು 12 ಸೋತ ನಾರ್ತ್ ಕೆರೊಲಿನಾ ಒಳಬಂತು, 6 ಗೆದ್ದು 10 ಸೋತ ವೆಸ್ಟ್ ವರ್ಜೀನಿಯಾ ಹೊರಗೆ. ಒಳಬಂದ ಕಾಲೇಜಿನ ಕ್ರೀಡಾ ನಿರ್ದೇಶಕರೇ ಆ ವರ್ಷ ಸಮಿತಿಯ ಅಧ್ಯಕ್ಷರು. ತಮ್ಮ ತಂಡದ ಚರ್ಚೆ ಬಂದಾಗ ಸದಸ್ಯರು ಕೋಣೆಯಿಂದ ಹೊರಹೋಗಬೇಕೆಂಬ ನಿಯಮದಂತೆ ಅವರು ಎದ್ದು ಹೋಗಿದ್ದರು. ನಿಯಮ ಪಾಲನೆಯಾಯಿತು, ಗುಮಾನಿ ಹೋಗಲಿಲ್ಲ. ಆಯ್ಕೆಯಾದ ತಂಡ ಮೊದಲ ಪಂದ್ಯವನ್ನು 27 ಅಂಕಗಳಿಂದ ಗೆದ್ದಾಗ ‘ನೋಡಿ, ಯೋಗ್ಯರೇ’ ಎಂದವರಿದ್ದರು. ಒಂದು ರಾತ್ರಿಯ ಆಟ ನಾಲ್ಕು ತಿಂಗಳ ದಾಖಲೆಗೆ ಉತ್ತರವಾಗುವುದು ಹೇಗೆ?

ಅದೇ ಋತುವಿನಲ್ಲಿ ಸಮಿತಿಯ ಕಾಗದಕ್ಕೆ ಹೊಸ ಅಂಕಣವೊಂದು ಸೇರಿತ್ತು, ಡಬ್ಲ್ಯುಎಬಿ, ಅಂದರೆ ಅಂಚಿನ ತಂಡಕ್ಕಿಂತ ಎಷ್ಟು ಹೆಚ್ಚು ಗೆದ್ದಿರಿ ಎಂಬ ಲೆಕ್ಕ. ಅಲ್ಲಿನವರು ‘ಬಬಲ್’ ಎನ್ನುವ ಅಂಚಿನ ತಂಡವೊಂದು ಒಂದು ಪಂದ್ಯವನ್ನು ಗೆಲ್ಲುವ ಸಾಧ್ಯತೆ ಶೇ. 40 ಎಂದಿಟ್ಟುಕೊಳ್ಳಿ. ಅದನ್ನು ನೀವು ಗೆದ್ದರೆ 0.6 ಕೂಡುತ್ತದೆ, ಸೋತರೆ 0.4 ಕಳೆಯುತ್ತದೆ. ಎಷ್ಟು ಅಂತರದಿಂದ ಗೆದ್ದಿರಿ ಎಂದು ಯಾರೂ ಕೇಳುವುದಿಲ್ಲ. ಇರುವುದರಲ್ಲಿ ಪ್ರಾಮಾಣಿಕ ಲೆಕ್ಕ ಇದು. ಆದರೆ ಸಿಗದ ಪಂದ್ಯವನ್ನು ಇದೂ ಆಡಿಸಲಾರದು.

ಸೀಡ್‌ಗಳ, ಅಂದರೆ ಪ್ರಾಂತ್ಯದೊಳಗಿನ ಶ್ರೇಯಾಂಕಗಳ, ಗೋಜಲು ಬೇರೆ. ಸಮಿತಿ 1ರಿಂದ 68ರವರೆಗೆ ಸಾಲಾಗಿ ಬರೆದು, ನಾಲ್ಕು ನಾಲ್ಕರಂತೆ ಕತ್ತರಿಸಿ, ನಾಲ್ಕು ಪ್ರಾಂತ್ಯಗಳಿಗೆ ಹಂಚುತ್ತದೆ. ಒಂದೇ ಕಾನ್ಫರೆನ್ಸಿನವರು ಬೇಗ ಎದುರಾಗಬಾರದು, ಭಾನುವಾರ ಆಡದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಗುರುವಾರ–ಶನಿವಾರದ ಸರದಿಯೇ ಸಿಗಬೇಕು. ಇಂಥ ಕಾರಣಕ್ಕೆ ತಂಡವನ್ನು ಒಂದು ಸಾಲು ಮೇಲೆ ಕೆಳಗೆ ಸರಿಸುವುದುಂಟು. ಸರಿಸಿದ್ದು ನಷ್ಟವೇ ಆಗಬೇಕಿಲ್ಲ. 8ನೆಯ ಸೀಡ್ ಮೊದಲ ಸುತ್ತು ಗೆದ್ದರೆ ಎದುರಿಗೆ ನಿಲ್ಲುವುದು ಸಾಮಾನ್ಯವಾಗಿ 1ನೆಯ ಸೀಡ್, 10ನೆಯದಕ್ಕೆ 2ನೆಯದು. ಹಾಗಾಗಿ 8ಕ್ಕಿಂತ 10 ಲೇಸು ಎನ್ನುವ ಕೋಚ್‌ಗಳಿದ್ದಾರೆ.

ಪಂದ್ಯಾವಳಿಯನ್ನು 72 ಅಥವಾ 76ಕ್ಕೆ ಹಿಗ್ಗಿಸುವ ಮಾತು ಎದ್ದಾಗ, 2026ಕ್ಕೆ 68ನ್ನೇ ಉಳಿಸಿಕೊಳ್ಳುವುದೆಂದು 2025ರಲ್ಲಿ ತೀರ್ಮಾನವಾಯಿತು. ತಂಡವೊಂದು ಪಂದ್ಯಾವಳಿಯಲ್ಲಿ ಆಡಿದಷ್ಟೂ ಅದರ ಕಾನ್ಫರೆನ್ಸಿಗೆ ಆರು ವರ್ಷ ಕಂತುಗಳಲ್ಲಿ ಹಣ ಹರಿಯುತ್ತದೆ. 2025ರಲ್ಲಿ ಒಂದೇ ಕಾನ್ಫರೆನ್ಸಿನ 16 ತಂಡಗಳಲ್ಲಿ 14 ಒಳಗಿದ್ದವು.