ಲಸಿಕೆ ಹಾಕಿಸಿದ ಕೋಳಿಗೂ ಕೊಕ್ಕರೆ ರೋಗ ಬಂದದ್ದೇಕೆ?

ದೊಡ್ಡಬಳ್ಳಾಪುರದ ಬಳಿಯ ಬ್ರಾಯ್ಲರ್ ಫಾರಂ ಒಂದರಲ್ಲಿ 35 ದಿನದ ಕೋಳಿಗಳು ಹಸಿರು ಭೇದಿಯಿಂದ ಬಳಲಿ, ಕತ್ತು ತಿರುಚಿಕೊಂಡು ಸಾಯುತ್ತಿದ್ದವು. ನೋಡಿದೊಡನೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ವೈರಸ್ ರೋಗ, ಇರಬಹುದೆಂಬ ಸಂಶಯ ಬಂತು. “ಡಾಕ್ಟ್ರೇ, ಏಳನೇ ದಿನವೂ ಇಪ್ಪತ್ತೊಂದನೇ ದಿನವೂ ತಪ್ಪದೆ ಲಸಿಕೆ ಹಾಕಿಸಿದ್ದೀನಿ, ಆ ಲಸಿಕೇನೇ ಸರಿ ಇರಲಿಲ್ವಾ?” ಎಂದು ರೈತರು ನೊಂದು ಕೇಳಿದರು. ಸತ್ತ ಕೋಳಿಗಳನ್ನು ಕೊಯ್ದಾಗ ಗ್ರಂಥಿ ಜಠರದ ಒಳಪದರದಲ್ಲಿ ರಕ್ತದ ಚುಕ್ಕೆಗಳಿದ್ದವು. ಆದರೆ ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ಗುದದ್ವಾರದ ಮೇಲ್ಭಾಗದಲ್ಲಿರುವ ಬರ್ಸಾ ಎಂಬ ಪುಟ್ಟ ಚೀಲ. ಆ ವಯಸ್ಸಿಗೆ ಬೋರೆಹಣ್ಣಿನಂತೆ ದುಂಡಗಿರಬೇಕಾದ ಅದು ಅವರೆಕಾಳಿನಷ್ಟಕ್ಕೆ ಕುಗ್ಗಿತ್ತು.

ವೈರಸ್ ದೇಹ ಹೊಕ್ಕ ಕೆಲವೇ ಗಂಟೆಗಳಲ್ಲಿ ಸೋಂಕಿತ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದೂ ಕೋಳಿ ಭ್ರೂಣದ ಪೊರೆಯಲ್ಲಿಯೇ. ಈ ಮೊದಲ ತಡೆ ವೈರಸ್ಸಿನ ವೇಗವನ್ನು ತಗ್ಗಿಸಬಲ್ಲದು. ವೈರಸ್ಸನ್ನು ಮಣಿಸಲು ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳೂ, ಆ ವೈರಸ್ಸಿಗೆ ಅಂಟಿ ಅದನ್ನು ತಡೆಯಲೆಂದೇ ತಯಾರಾದ ಪ್ರೋಟೀನುಗಳಾದ ಪ್ರತಿಕಾಯಗಳೂ ಬೇಕು. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಕೋಳಿಯಲ್ಲಿ ಪಳಗುವುದು ಬರ್ಸಾದೊಳಗೆ. ಬರ್ಸಾ ತೆಗೆದ ಕೋಳಿಗಳು ಪ್ರತಿಕಾಯ ತಯಾರಿಸಲಾರವೆಂದು ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ತೋರಿಸಿದರು. ಮನುಷ್ಯರ ವೈದ್ಯಶಾಸ್ತ್ರದಲ್ಲಿಯೂ ಬಳಕೆಯಲ್ಲಿರುವ ಬಿ ಕೋಶ ಎಂಬ ಹೆಸರಿನ ‘ಬಿ’ ಬಂದದ್ದು ಈ ಬರ್ಸಾದಿಂದಲೇ.

ಗುಂಬೊರೊ ಎಂಬ ಮತ್ತೊಂದು ಕೋಳಿ ರೋಗದ ವೈರಸ್ ಎರಗುವುದು ಬರ್ಸಾದಲ್ಲಿ ಬೆಳೆಯುತ್ತಿರುವ ಈ ಬಿ ಕೋಶಗಳ ಮೇಲೆಯೇ. ಸೋಂಕಿನ 3-4ನೇ ದಿನ ಊದಿಕೊಳ್ಳುವ ಬರ್ಸಾ 8ನೇ ದಿನದ ಹೊತ್ತಿಗೆ ಮೂಲ ತೂಕದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 3ರಿಂದ 6 ವಾರದ ಕೋಳಿಗಳಲ್ಲಾದರೆ ಸಾವು ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮೊದಲೇ ತಗುಲಿದರೆ ಮರಿ ಹೊರಗೆ ಆರೋಗ್ಯವಾಗಿಯೇ ಕಾಣುತ್ತಾ ಒಳಗೊಳಗೆ ನಿರೋಧಕ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ. ಈ ಫಾರಂನಲ್ಲಿಯೂ ಎರಡನೇ ವಾರದಲ್ಲಿ ಮರಿಗಳು ಒಂದೆರಡು ದಿನ ಮಂಕಾಗಿದ್ದುದು ಕೇಳಿದ ಮೇಲೆ ರೈತರಿಗೆ ನೆನಪಾಯಿತು. ಬಹುಶಃ ಆಗಲೇ ಗುಂಬೊರೊ ಬಂದು ಹೋಗಿತ್ತು, ಇಪ್ಪತ್ತೊಂದನೇ ದಿನದ ಕೊಕ್ಕರೆ ರೋಗದ ಲಸಿಕೆಗೆ ಸ್ಪಂದಿಸಲು ಬೇಕಾದಷ್ಟು ಕೋಶಗಳೇ ಉಳಿದಿರಲಿಲ್ಲ.

ಗುಂಬೊರೊ ಲಸಿಕೆಯ ದಿನವನ್ನು ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ನಿರ್ಧರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಾಯಿಕೋಳಿಯಿಂದ ಮೊಟ್ಟೆಯ ಹಳದಿಯ ಮೂಲಕ ಬಂದ ಪ್ರತಿಕಾಯಗಳು ಬ್ರಾಯ್ಲರ್ ಮರಿಯಲ್ಲಿ ಸುಮಾರು 3-4 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತವೆ. ಅವು ಹೇರಳವಾಗಿರುವಾಗ ಲಸಿಕೆ ಕೊಟ್ಟರೆ ಲಸಿಕೆಯ ವೈರಸ್ಸನ್ನೇ ತಡೆದುಬಿಡುತ್ತವೆ. ತಡಮಾಡಿದರೆ ಶೆಡ್ಡಿನಲ್ಲಿರುವ ವೈರಸ್ ಮುಂದಾಗುತ್ತದೆ. ಆದ್ದರಿಂದ ಒಂದು ದಿನದ ಮರಿಗಳ ರಕ್ತ ಪರೀಕ್ಷಿಸಿ ದಿನವನ್ನು ಲೆಕ್ಕಹಾಕಬೇಕು. ನೀರಿನಲ್ಲಿ ಲಸಿಕೆ ಕೊಡುವವರು ಕ್ಲೋರಿನ್ ಇಲ್ಲದ ನೀರನ್ನೇ ಬಳಸಬೇಕು.

ಈ ವೈರಸ್ ಖಾಲಿ ಶೆಡ್ಡಿನಲ್ಲಿ 4 ತಿಂಗಳವರೆಗೂ ಬದುಕಿರಬಲ್ಲದು. ಹಳೆಯ ಹೊಟ್ಟನ್ನೆಲ್ಲ ತೆಗೆಸಿ, ಶೆಡ್ ತೊಳೆಸಿ, ಸೋಂಕುನಿವಾರಕ ಸಿಂಪಡಿಸಿದ ನಂತರವೇ ಹೊಸ ಮರಿ ತರುವಂತೆ ಆ ರೈತರಿಗೆ ತಿಳಿಸಿದ್ದೇನೆ. ಮುಂದಿನ ಬ್ಯಾಚಿನ ಐದಾರು ಮರಿಗಳನ್ನು ಇಪ್ಪತ್ತೊಂದನೇ ದಿನ ಕೊಯ್ದು ಬರ್ಸಾ ನೋಡುವುದೆಂದೂ ಮಾತಾಗಿದೆ.